ಅಮಲು ಮತ್ತು ಅರಿವು

“ಅಮಲಿನಲ್ಲಿ ಏನಾಯಿತೆಂದೇ ತಿಳಿಯಲಿಲ್ಲ.” ಕುಡಿದು ವಾಹನ ನಡೆಸಿದವನ ಈ ಮಾತನ್ನು ನಾವು ಅನುಕಂಪದಿಂದ ಕೇಳುವುದುಂಟು. ಕಾನೂನು ಹಾಗೆ ಕೇಳುವುದಿಲ್ಲ. ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಇರುತ್ತಿದ್ದ ಅರಿವು ಇತ್ತೆಂದೇ ಎಣಿಸಬೇಕೆಂದು 1860ರ ದಂಡಸಂಹಿತೆಯೇ ವಿಧಿಸಿತ್ತು.

ಮೋಟಾರು ವಾಹನ ಕಾಯಿದೆಯು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವನ್ನು ಎಲ್ಲೆಯಾಗಿರಿಸಿದೆ. ಮೀರಿದವನಿಗೆ, 2019ರ ತಿದ್ದುಪಡಿಯಂತೆ, ಆರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ತಪ್ಪಿದರೆ ಸೆರೆ ಎರಡು ವರ್ಷದವರೆಗೆ, ದಂಡ 15,000. ಯಾರಿಗೂ ಗಾಯವಾಗದಿದ್ದರೂ ಈ ಶಿಕ್ಷೆ ತಪ್ಪದು.

ಪ್ರಾಣವೇ ಹೋದರೆ? 2006ರ ನವೆಂಬರಿನಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಕಾಲುಹಾದಿಯ ಮೇಲೆ ಮಲಗಿದ್ದ ಏಳು ಮಂದಿ ಕೂಲಿಕಾರರು ಕುಡಿದವನೊಬ್ಬನ ಕಾರಿಗೆ ಸಿಕ್ಕಿ ಸತ್ತರು. ವಿಚಾರಣಾ ನ್ಯಾಯಾಲಯ ಅದನ್ನು ಅಲಕ್ಷ್ಯವೆಂದು ಬಗೆದು ಆರು ತಿಂಗಳ ಸೆರೆ ವಿಧಿಸಿತು. ಉಚ್ಚ ನ್ಯಾಯಾಲಯವು, ಸಾವು ಸಂಭವಿಸಬಹುದೆಂಬ ಅರಿವು ಅವನಿಗಿತ್ತೆಂದು ಹೇಳಿ ಅದನ್ನು ಮೂರು ವರ್ಷಕ್ಕೇರಿಸಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ಏಳು ಜೀವಕ್ಕೆ ಮೂರು ವರ್ಷ ಸಾಟಿಯೆಂದು ನಾನು ಹೇಳಲಾರೆ. ಆದರೆ ಆ ತೀರ್ಪಿನ ತಿರುಳು ನನಗೆ ದೊಡ್ಡದಾಗಿ ಕಾಣುತ್ತದೆ: ಅಪರಾಧ ಮೊದಲಾಗುವುದು ತಲೆ ತಿರುಗಿದ ಮೇಲಲ್ಲ, ಬುದ್ಧಿ ನೆಟ್ಟಗಿರುವಾಗಲೇ, ವಾಹನದ ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡು ಮೊದಲ ಲೋಟವನ್ನೆತ್ತುವಾಗ.