ಜೌಗಿನ ಹೂವಿಗೆ ತೋಟದ ಆಸರೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಶಾಲಾ ಕೈತೋಟದ ಉದ್ಘಾಟನೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಈ ಶಾಲೆಯ ಮೊದಲ ತಂಡದವನು. ಸಸ್ಯಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾಗಿದ್ದೇನೆ. ಕೈತೋಟ ಶುರುವಾಗುವ ಈ ದಿನ, ಅಮೆರಿಕದ ಲೂಸಿಯಾನ ರಾಜ್ಯದಲ್ಲಿರುವ ಮಗಳ ಮನೆಗೆ ಹೋದಾಗ ನಾನು ಕಂಡ ಒಂದು ಹೂವಿನ ಕಥೆ ಹೇಳುತ್ತೇನೆ.

ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಆ ನಾಡಿನಲ್ಲಿ ಜೌಗು ನೆಲವೇ ಹೆಚ್ಚು. ಅಲ್ಲಿ ಐರಿಸ್ ಗಿಡ ತಾನಾಗಿ ಬೆಳೆಯುತ್ತದೆ. ಎಲೆ ನಮ್ಮ ಬಜೆಯ ಎಲೆಯಂತೆ ಕತ್ತಿಯ ಆಕಾರದ್ದು. ಗಡ್ಡೆ ಶುಂಠಿಯಂತೆ ಕೆಸರಿನಲ್ಲಿ ಹಬ್ಬುತ್ತದೆ. ಒಂದು ಜಾತಿಯ ಹೂವು ನೀಲಿ, ಇನ್ನೊಂದರದು ತಾಮ್ರದ ಕೆಂಪು.

1920ರ ದಶಕದಲ್ಲಿ ಅಲ್ಲಿಗೆ ಬಂದ ನ್ಯೂಯಾರ್ಕ್ ಸಸ್ಯೋದ್ಯಾನದ ವಿಜ್ಞಾನಿ ಜಾನ್ ಕಂಕೆಲ್ ಸ್ಮಾಲ್ ಈ ಬಣ್ಣಗಳಿಗೆ ಬೆರಗಾದರು. ಮುಂದೆ 80ಕ್ಕೂ ಹೆಚ್ಚು ಹೊಸ ಜಾತಿಗಳೆಂದು ಹೆಸರಿಟ್ಟರು. 1935ರಲ್ಲಿ ಅಲ್ಲಿಯವರೇ ಆದ ಪರ್ಸಿ ವಿಯೋಸ್ಕಾ, ಅವುಗಳಲ್ಲಿ ಹೆಚ್ಚಿನವು ಕೆಲವೇ ಜಾತಿಗಳ ನಡುವೆ ತಾನಾಗಿ ಹುಟ್ಟಿದ ಬೆರಕೆಗಳು ಎಂದು ತೋರಿಸಿದರು. ಮಕ್ಕಳೆ, ದೊಡ್ಡವರು ಹೇಳಿದ ಮಾತನ್ನೂ ಗಿಡದ ಬಳಿ ನಿಂತು ಪರೀಕ್ಷಿಸಬೇಕು.

ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್ ನಗರ ಬೆಳೆಯುತ್ತಿತ್ತು. ಜೌಗಿನ ನೀರು ಬಸಿದು ಬಡಾವಣೆಗಳನ್ನು ಕಟ್ಟಿದರು. ಆಗ ಗಡ್ಡೆಗಳನ್ನು ಎತ್ತಿ ತಂದು ಹಿತ್ತಿಲಲ್ಲಿ ನೆಟ್ಟು ಕಾಪಾಡಿದವರು ಹೂವಿನ ಮೋಹವಿದ್ದ ಊರಿನ ಜನ. ಕ್ಯಾರೊಲಿನ್ ಡಾರ್ಮನ್ ಎಂಬಾಕೆ ಬ್ರಯರ್‌ವುಡ್‌ನ ತಮ್ಮ ಕಾಡುತೋಟದಲ್ಲಿ ಬೆಳೆಸಿದರು. 1941ರಲ್ಲಿ ಈ ಹೂವಿಗೆಂದೇ ಸಂಘ ಹುಟ್ಟಿತು. ನ್ಯೂ ಆರ್ಲಿಯನ್ಸ್‌ನ ಲಾಂಗ್ ವ್ಯೂ ಎಂಬ ಪಾರಂಪರಿಕ ಉದ್ಯಾನದಲ್ಲಿ ಇದಕ್ಕೆ ಗೌರವದ ಜಾಗವಿದೆ. 1990ರಲ್ಲಿ ಇದು ಲೂಸಿಯಾನದ ರಾಜ್ಯ ಕಾಡುಹೂವಾಯಿತು.

ಆದರೆ ತೋಟವೊಂದೇ ಸಾಲದು. ಗಡ್ಡೆ ಒಡೆದು ನೆಟ್ಟರೆ ಬರುವುದು ಅದೇ ಗಿಡದ ಪಡಿಯಚ್ಚು. ಸಾವಿರ ಬಗೆಯ ಗಿಡಗಳ ತವರು ಜೌಗೇ. ನೆಲ್ಸೋನಿ ಎಂಬ ಕೆಂಪು ಐರಿಸ್‌ನ ವಂಶದ ಗಿಡಗಳು ಎಷ್ಟೋ ತೋಟಗಳಲ್ಲಿವೆ; ಕಾಡುಗಿಡವಾಗಿ ಅದು ಉಳಿದಿರುವುದು ಅಬ್ಬೆವಿಲ್ ಊರಿನ ಹತ್ತಿರದ ಜೌಗಿನಲ್ಲಿ ಮಾತ್ರ.

ಈ ಕಥೆ ಇಲ್ಲಿ ಏಕೆ ಹೇಳಿದೆ? ನಾವು ಓದುವಾಗ ಈ ಶಾಲೆಯ ಹಿಂದೆ ಒಂದು ಹೊಂಡವಿತ್ತು. ಅದರ ತುಂಬ ನೈದಿಲೆ. ಆಮೇಲೆ ಹೊಂಡಕ್ಕೆ ಮಣ್ಣು ತುಂಬಿದರು. ಸಸ್ಯಶಾಸ್ತ್ರ ಓದಿದ ನಾನೂ ಅಲ್ಲಿಂದ ಒಂದು ಗಡ್ಡೆ ಎತ್ತಿಡಲಿಲ್ಲ. ಆ ಕೊರಗು ಇಂದಿಗೂ ಇದೆ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಕೈತೋಟದ ತೊಟ್ಟಿಯಲ್ಲಿ ಮೊದಲು ನಮ್ಮ ಕೆರೆಯ ನೈದಿಲೆಯನ್ನೇ ನೆಡಿ. ಕೇಳಿ ತನ್ನಿ, ಎರಡೇ ಗಡ್ಡೆ ತನ್ನಿ. ಯಾವ ಕೆರೆಯಿಂದ, ಯಾವ ದಿನ ತಂದದ್ದು ಎಂದು ಪಕ್ಕದಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಆ ಕೆರೆಗೆ ಹೋಗಿ ನೈದಿಲೆ ಇದೆಯೇ ಎಂದು ನೋಡಿ ಬನ್ನಿ. ತೊಟ್ಟಿಯಲ್ಲಿ ಹೂವಿದೆ ಎಂದು ಕೆರೆಯನ್ನು ಮರೆಯಬೇಡಿ.