ಕಂಪನಿಯ ಕರಾರು, ಡೈರೆಕ್ಟರ ಲಾಭ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಾಯಂಕಾಲ ಇಲ್ಲಿ ಪತ್ರಿಕೆ ಓದಲು ಬರುವ ಮಿತ್ರರೊಬ್ಬರು ಮೊನ್ನೆ ಒಂದು ಪ್ರಶ್ನೆ ಕೇಳಿದರು: “ಡೈರೆಕ್ಟರಾದವನು ಕಂಪನಿಯ ಹಣದಿಂದ ತನಗೆ ಲಾಭ ಮಾಡಿಕೊಂಡರೆ ಆ ಕರಾರು ತಾನಾಗಿಯೇ ಬಿದ್ದುಹೋಗುವುದಿಲ್ಲವೆ?” ಬಿದ್ದುಹೋಗುವುದಿಲ್ಲ, ಯಾರಾದರೂ ಬೀಳಿಸಬೇಕು. ಈ ಒಂದು ಮಾತನ್ನು ತಿಳಿಯಹೇಳುವುದಷ್ಟೇ ಇಂದಿನ ಉದ್ದೇಶ. ನಾವು ವಕೀಲರಲ್ಲ, ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಆದರೆ ಎಂಥ ದೊಡ್ಡ ಕರಾರೂ ಕೊನೆಗೆ ಒಂದು ವೋಚರಾಗಿ ನಮ್ಮಂಥವರ ಮೇಜಿನ ಮೇಲೆ ಹಾದುಹೋಗಲೇಬೇಕಷ್ಟೆ.

ಮನೆಯ ದೃಷ್ಟಾಂತದಿಂದಲೇ ಆರಂಭಿಸೋಣ. ನಮ್ಮ ವಾಚನಾಲಯಕ್ಕೆ ಪುಸ್ತಕದ ಬೀರು ಬೇಕಾಗಿದೆ ಎಂದಿಟ್ಟುಕೊಳ್ಳಿ. ಕಾರ್ಯದರ್ಶಿಗಳು ತಮ್ಮ ಭಾಮೈದನ ಅಂಗಡಿಯಿಂದ ಅದನ್ನು ಕೊಂಡು, ತಾವೇ ಬಿಲ್ಲಿಗೆ ರುಜು ಹಾಕಿದರು. (ಕಾರ್ಯದರ್ಶಿಗಳು ನಗುತ್ತಿದ್ದಾರೆ, ಅವರಿಗೆ ಭಾಮೈದನೇ ಇಲ್ಲ.) ಬೀರು ಒಳ್ಳೆಯದೇ ಇರಬಹುದು, ಬೆಲೆಯೂ ನ್ಯಾಯವಾದದ್ದೇ ಇರಬಹುದು. ಆದರೆ ಸಂಘದ ಪರವಾಗಿ ಚೌಕಾಸಿ ಮಾಡಬೇಕಾದವರು ಮಾರುವವರ ಮನೆಯವರೇ ಆದಾಗ, ಚೌಕಾಸಿ ಮಾಡುವವರು ಯಾರು?

ಇದೇ ಪ್ರಶ್ನೆ ಸ್ಕಾಟ್ಲೆಂಡಿನ ಅಬರ್ಡೀನ್ ರೈಲ್ವೆ ಕಂಪನಿಯಲ್ಲಿ ಎದ್ದಿತು. ಹಳಿಗಳನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಸಾಮಾನನ್ನು ಆ ಕಂಪನಿ ಬ್ಲೇಕಿ ಸಹೋದರರ ಅಂಗಡಿಯಿಂದ ತರಿಸಲು ಒಪ್ಪಿತ್ತು. ಆ ಅಂಗಡಿಯ ಪಾಲುದಾರರಲ್ಲೊಬ್ಬರು ರೈಲ್ವೆಯ ಡೈರೆಕ್ಟರೂ ಆಗಿದ್ದರು. 1854ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಕರಾರಿಗೆ ರೈಲ್ವೆ ಬದ್ಧವಲ್ಲವೆಂದು ತೀರ್ಪಿತ್ತಿತು. ಬೆಲೆ ನ್ಯಾಯವಾಗಿತ್ತೇ ಇಲ್ಲವೇ ಎಂಬ ವಿಚಾರಣೆಗೇ ಅದು ಹೋಗಲಿಲ್ಲ. ಒಬ್ಬನೇ ಮನುಷ್ಯ ಎರಡು ಕಡೆಯೂ ಕುಳಿತದ್ದೇ ಸಾಕಾದ ದೋಷವಾಯಿತು.

ಇಲ್ಲಿ ಎರಡು ಮಾತುಗಳ ಭೇದ ಗಮನಿಸತಕ್ಕದ್ದು. ಶೂನ್ಯ ಕರಾರು ಬೇರೆ, ರದ್ದುಪಡಿಸಬಹುದಾದ ಕರಾರು ಬೇರೆ. ಮೊದಲನೆಯದು ಹುಟ್ಟುವಾಗಲೇ ಸತ್ತದ್ದು. ಎರಡನೆಯದು ಬದುಕಿರುತ್ತದೆ, ನಡೆಯುತ್ತದೆ, ಅದರ ಮೇಲೆ ಹಣವೂ ಸಂದಾಯವಾಗುತ್ತದೆ. ಮೋಸಹೋದ ಪಕ್ಷ “ಇದು ನಮಗೆ ಬೇಡ” ಎಂದು ಹೇಳುವವರೆಗೂ ಅದಕ್ಕೆ ಆಯುಸ್ಸುಂಟು. ಡೈರೆಕ್ಟರ ಸ್ವಂತ ಲಾಭದ ಕರಾರು ಸಾಮಾನ್ಯವಾಗಿ ಈ ಎರಡನೆಯ ಜಾತಿಗೆ ಸೇರಿದ್ದು.

ನಮ್ಮ ದೇಶದ 2013ರ ಕಂಪನಿ ಕಾಯಿದೆಯೂ ಹೀಗೆಯೇ ಹೇಳುತ್ತದೆ. 184ನೆಯ ಕಲಮಿನಂತೆ, ಸಾರ್ವಜನಿಕ ಕಂಪನಿಯ ಡೈರೆಕ್ಟರಿಗೆ ಒಂದು ಕರಾರಿನಲ್ಲಿ ಹಿತಾಸಕ್ತಿ ಇದ್ದರೆ ಅದನ್ನು ಬೋರ್ಡಿನ ಮುಂದೆ ಬಾಯಿಬಿಟ್ಟು ಹೇಳಿ, ಆ ಚರ್ಚೆಯಿಂದ ದೂರವಿರಬೇಕು. ನಂಟರಿಷ್ಟರ ವ್ಯವಹಾರಕ್ಕೆ 188ನೆಯ ಕಲಮು ಒಪ್ಪಿಗೆ ಬೇಡುತ್ತದೆ. ಒಪ್ಪಿಗೆಯಿಲ್ಲದೆ ಮಾಡಿದ್ದನ್ನು 3 ತಿಂಗಳೊಳಗೆ ಮಂಜೂರು ಮಾಡಿಸದಿದ್ದರೆ ಬೋರ್ಡು ಅದನ್ನು ರದ್ದುಪಡಿಸಬಹುದು. 2017ರ ತಿದ್ದುಪಡಿಯಿಂದ ಷೇರುದಾರರಿಗೂ ಈ ಆಯ್ಕೆ ದೊರೆಯಿತು. ನಗದಿಲ್ಲದೆ ಕಂಪನಿಯ ಆಸ್ತಿಯನ್ನು ಡೈರೆಕ್ಟರ ಸ್ವತ್ತಿನೊಡನೆ ಅದಲುಬದಲು ಮಾಡುವುದಕ್ಕೆ 192ನೆಯ ಕಲಮು ಇದೆ. ಸಭೆಯ ಒಪ್ಪಿಗೆಯಿಲ್ಲದೆ ಮಾಡಿದ್ದನ್ನು ಕಂಪನಿ ರದ್ದುಪಡಿಸಬಹುದು. ಆದರೆ ಕೊಟ್ಟದ್ದನ್ನು ಮರಳಿ ಪಡೆಯುವ ದಾರಿಯೇ ಇಲ್ಲದಿದ್ದರೆ, ಅಥವಾ ಏನೂ ಅರಿಯದ ಮೂರನೆಯವರು ಹಣಕೊಟ್ಟು ಆ ಸ್ವತ್ತಿನಲ್ಲಿ ಹಕ್ಕು ಪಡೆದಿದ್ದರೆ, ಆ ಬಾಗಿಲು ಮುಚ್ಚಿತು. ತಡಮಾಡಿದವರಿಗೆ ಆಗುವ ನಷ್ಟ ಇದೇ.

ಕೇಳಿದವರಿಗೆ ಫಲ ದೊರೆತದ್ದೂ ಉಂಟು. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪನಿಯ ಬೋರ್ಡು, ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೆ ಸಂಬಂಧಿಸಿದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಹೂಡಿಕೆದಾರರು ಹುಯಿಲೆಬ್ಬಿಸಿದರು. ಕೆಲವೇ ಗಂಟೆಗಳಲ್ಲಿ ಕಂಪನಿ ಹಿಂದೆ ಸರಿಯಿತು. ಮೂರು ವಾರದ ಮೇಲೆ, 2009ರ ಜನವರಿ 7ರಂದು, ಲೆಕ್ಕಪುಸ್ತಕಗಳೇ ಸುಳ್ಳೆಂದು ರಾಜು ತಾವೇ ಬರೆದುಕೊಟ್ಟರು. ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯಲ್ಲಿಯೂ 2014ರ ನವೆಂಬರಿನಲ್ಲಿ ಷೇರುದಾರರು ತಮ್ಮ ಮುಂದಿಟ್ಟ 12 ಠರಾವುಗಳಲ್ಲಿ 9ನ್ನು ತಿರಸ್ಕರಿಸಿದರು. ಆಗಿನ ಅಧ್ಯಕ್ಷ ವಿಜಯ ಮಲ್ಯರಿಗೆ ಸಂಬಂಧಪಟ್ಟ ಕಂಪನಿಗಳೊಡನೆ ಆಗಿದ್ದ ಒಪ್ಪಂದಗಳು ಅವುಗಳಲ್ಲಿದ್ದವು.

“ನಮ್ಮ ಹತ್ತಿರ ಷೇರೂ ಇಲ್ಲ, ಸಭೆಯಲ್ಲಿ ಕುರ್ಚಿಯೂ ಇಲ್ಲ. ನಮಗೇಕೆ ಈ ಪುರಾಣ?” ಎಂದು ನೀವು ಕೇಳಬಹುದು. ಬಂಧುಗಳೇ, ಊರು ಬಿಟ್ಟು ಚೆನ್ನೈಗೆ ಬಂದ ನಮ್ಮ ಮನಿಯಾರ್ಡರು ನಡೆದದ್ದು ಸಂಬಳದಿಂದ. ಕಂಪನಿ ಒಳಗಿಂದ ಟೊಳ್ಳಾದರೆ ಬಾಕಿ ಸಂಬಳಕ್ಕೆ ಕೈಯೊಡ್ಡಿ ನಿಲ್ಲತಕ್ಕವರು ನಾವೇ. 2016ರ ದಿವಾಳಿ ಸಂಹಿತೆಯ ಪ್ರಕಾರ, ಕಂಪನಿಯನ್ನು ಮುಚ್ಚಿ ಹಣ ಹಂಚುವಾಗ, ವ್ಯವಹರಣೆಯ ಖರ್ಚು ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿಗೆ ಒತ್ತೆಯುಳ್ಳ ಸಾಲಗಾರರ ಸಮಾನ ಸ್ಥಾನವುಂಟು. ಆದರೆ ತಿಜೋರಿಯೇ ಬರಿದಾಗಿದ್ದರೆ ಸ್ಥಾನದಿಂದ ಹೊಟ್ಟೆ ತುಂಬುವುದೆ?

ಅದಕ್ಕಾಗಿಯೇ ಅದೇ ಸಂಹಿತೆ ಹಿಂದಿರುಗಿ ನೋಡುತ್ತದೆ. ಆಸ್ತಿಯನ್ನು ಮೂರುಕಾಸಿಗೆ ಮಾರಿದ್ದರೆ, ಅಥವಾ ಒಬ್ಬ ಸಾಲಗಾರನಿಗೆ ಮಾತ್ರ ಮುಂಚೆಯೇ ಸಲ್ಲಿಸಿದ್ದರೆ, ಅದನ್ನು ತಿರುಗಿಸಬಹುದು. ಹೊರಗಿನವರೊಡನೆ ಆದದ್ದಾದರೆ ದಿವಾಳಿಯ ವ್ಯವಹರಣೆ ಆರಂಭವಾಗುವ ಹಿಂದಿನ 1 ವರ್ಷ, ಡೈರೆಕ್ಟರ ಕಡೆಯವರೊಡನೆ ಆದದ್ದಾದರೆ 2 ವರ್ಷ. ಅರ್ಜಿ ಹಾಕತಕ್ಕವರು ವ್ಯವಹರಣೆ ನಡೆಸುವ ಅಧಿಕಾರಿ. ಕಡಿಮೆ ಬೆಲೆಗೆ ಮಾರಿದ ವಿಷಯವನ್ನು ಅವರು ವರದಿ ಮಾಡದಿದ್ದರೆ, 47ನೆಯ ಕಲಮಿನಂತೆ ಸಾಲಗಾರರೇ ನ್ಯಾಯಮಂಡಳಿಗೆ ಹೋಗಬಹುದು. ಸಂಬಳ ಬಾಕಿಯುಳ್ಳ ನೌಕರನೂ ಕಾನೂನಿನ ಕಣ್ಣಿನಲ್ಲಿ ಕಂಪನಿಗೆ ಸಾಲ ಕೊಟ್ಟವನೇ. ಕಂಪನಿ ಕಾನೂನಿನ ನ್ಯಾಯಮಂಡಳಿಯ ಪೀಠ ಈ ಚೆನ್ನೈಯಲ್ಲಿಯೇ ಇದೆ.

ಆದುದರಿಂದ ನಮ್ಮ ವಿನಂತಿ ಇಷ್ಟೆ. ನಾಲ್ಕು ಷೇರುಳ್ಳವರು ಸಭೆಯ ನೋಟೀಸನ್ನು ಪೊಟ್ಟಣ ಕಟ್ಟಲು ಬಳಸದೆ ಒಮ್ಮೆ ಓದಿರಿ. ವಾರ್ಷಿಕ ವರದಿಯಲ್ಲಿ ಸಂಬಂಧಿಗಳೊಡನೆ ಆದ ವ್ಯವಹಾರಗಳ ಪಟ್ಟಿ ಇರುತ್ತದೆ, ಅದನ್ನು ನೋಡಿರಿ. ಡೈರೆಕ್ಟರಿಗೆ ಹಿತವಿರುವ ಕರಾರುಗಳ ರಿಜಿಸ್ಟರನ್ನು ಕಂಪನಿಯ ನೋಂದಾಯಿತ ಕಚೇರಿಯಲ್ಲಿ ನೋಡುವ ಹಕ್ಕು ಸದಸ್ಯರಿಗಿದೆ. ಸಂಬಳ ನಿಂತವರು ಪಗಾರ ಚೀಟಿ, ನೇಮಕದ ಪತ್ರಗಳನ್ನು ಜೋಪಾನವಾಗಿಡಿ. ದಿವಾಳಿಯ ಪ್ರಕಟಣೆ ಬಂದ ಕೂಡಲೆ ನಿಮ್ಮ ಬಾಕಿಯನ್ನು ಬರೆಸಿರಿ. ಅರ್ಜಿ ಬರೆಯಲು ಬಾರದವರು ಭಾನುವಾರ ಇಲ್ಲಿಗೆ ಬಂದರೆ ನಾವು ಕುಳಿತು ಬರೆದುಕೊಡುತ್ತೇವೆ, ಕಾಸಿಲ್ಲ.

 ಬೀರುವಿನ ದರಪಟ್ಟಿಗಳು ಮೂರು ಅಂಗಡಿಗಳಿಂದ ಬಂದಿವೆ. ಸಭೆಯ ಮೇಜಿನ ಮೇಲಿವೆ, ದಯಮಾಡಿ ನೋಡಿ ಹೋಗತಕ್ಕದ್ದು.