ಪಾಪ, ನೀತಿ, ನಂಬಿಕೆ

ಪರರ ಧರ್ಮಗ್ರಂಥವನ್ನು ಓದುವಾಗ ಅಪರಿಚಿತವಾದ ಮಾತು ನಮ್ಮನ್ನು ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ. ಅದು ಎದುರಾದೊಡನೆ ನಿಘಂಟನ್ನು ತೆಗೆಯುತ್ತೇವೆ, ಇಲ್ಲವೆ ಬಲ್ಲವರನ್ನು ಕೇಳುತ್ತೇವೆ. ಪರಿಚಿತವಾದ ಮಾತೇ ಮೋಸಮಾಡುವುದು. ಕನ್ನಡ ಬೈಬಲಿನಲ್ಲಿ ‘ಪಾಪ’, ‘ನೀತಿ’, ‘ನಂಬಿಕೆ’ ಎಂಬ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಮೂರೂ ನಮ್ಮ ಮನೆಯ ಮಾತುಗಳೇ. ಮಗು ಎಡವಿ ಬಿದ್ದರೆ ‘ಅಯ್ಯೋ ಪಾಪ’ ಎನ್ನುತ್ತೇವೆ. ಮಲಗುವ ಮುನ್ನ ಅದಕ್ಕೆ ನೀತಿಕಥೆ ಹೇಳುತ್ತೇವೆ. ಅಂಗಡಿಯಿಂದ ನಂಬಿಕೆಯ ಮೇಲೆ ಕಡ ತರುತ್ತೇವೆ. ಇದೇ ಅರ್ಥಗಳನ್ನು ಹೊತ್ತು ಬೈಬಲನ್ನು ಓದಹೊರಟವರು, ‘ಕ್ರೈಸ್ತರಲ್ಲಿ ನಂಬಿದರೆ ಸಾಕಂತೆ, ನಡತೆ ಹೇಗಿದ್ದರೂ ಆಗುತ್ತದಂತೆ’ ಎಂದು ತೀರ್ಮಾನಿಸಿಬಿಡುತ್ತಾರೆ. ತರಗತಿಯಲ್ಲಿ ಹುಡುಗರು ಈ ಮಾತನ್ನಾಡಿ ನಕ್ಕದ್ದನ್ನು ಕೇಳಿದ್ದೇನೆ. ಅದೇ ಬೆಂಚಿನಲ್ಲಿದ್ದ ಕ್ರೈಸ್ತ ಹುಡುಗ ತಲೆ ತಗ್ಗಿಸಿದ್ದನ್ನೂ ಕಂಡಿದ್ದೇನೆ. ನೆರೆಯವರ ಧರ್ಮವನ್ನು ಅರೆಬರೆ ತಿಳಿದು ಆಡಿಕೊಳ್ಳುವುದು ತರವಲ್ಲ. ಈ ಮೂರು ಮಾತುಗಳನ್ನು ಅವುಗಳ ಮೂಲಸ್ಥಾನದಲ್ಲಿಯೇ ಒಮ್ಮೆ ನೋಡೋಣ.

ಮೂರೂ ಒಟ್ಟಾಗಿ ಸಿಗುವ ಸ್ಥಳ ಹೊಸ ಒಡಂಬಡಿಕೆಯಲ್ಲಿರುವ ಒಂದು ಪತ್ರ. ಕ್ರಿ. ಶ. 57ರ ಸುಮಾರಿಗೆ ಪೌಲನು ರೋಮಾಪುರದ ಕ್ರೈಸ್ತರಿಗೆ ಅದನ್ನು ಗ್ರೀಕ್ ಭಾಷೆಯಲ್ಲಿ ಬರೆಸಿದನು. ಆತನು ಹೇಳುತ್ತ ಹೋದ, ತೆರ್ತ್ಯನೆಂಬ ಲಿಪಿಕಾರ ಬರೆದುಕೊಂಡ. ಹದಿನಾರನೆಯ ಅಧ್ಯಾಯದಲ್ಲಿ ಆ ಲಿಪಿಕಾರ ತಾನೇ ನಡುವೆ ಬಂದು ತನ್ನ ವಂದನೆಯನ್ನೂ ಸೇರಿಸಿದ್ದಾನೆ. ಇಂತಹ ಪತ್ರವನ್ನು ಸಭೆಯಲ್ಲಿ ಒಬ್ಬರು ಓದುವುದು, ಉಳಿದವರು ಕೇಳುವುದು ಆಗಿನ ವಾಡಿಕೆ. ನೀವು ರೇಡಿಯೊ ಮುಂದೆ ಕುಳಿತು ಕೇಳುವಂತೆ, ಅದೂ ಕಿವಿಗಾಗಿ ಹುಟ್ಟಿದ ಮಾತು.

ಮೊದಲು ಪಾಪ. ಗ್ರೀಕಿನಲ್ಲಿ ಅದಕ್ಕೆ ‘ಹಮಾರ್ತಿಯ’ ಎನ್ನುತ್ತಾರೆ. ಅದರ ಕ್ರಿಯಾಪದವನ್ನು ಹೋಮರನು ಎಸೆದ ಭರ್ಜಿ ಗುರಿ ತಪ್ಪಿದ್ದಕ್ಕೆ ಬಳಸುತ್ತಾನೆ. ಹೀಬ್ರೂ ಮಾತಿನದೂ ಇದೇ ಕಥೆ. ನ್ಯಾಯಸ್ಥಾಪಕರ ಪುಸ್ತಕದಲ್ಲಿ 700 ಮಂದಿ ಎಡಚ ಕವಣೆಗಾರರ ಪ್ರಸ್ತಾಪವಿದೆ. ಅವರು ಒಂದು ಕೂದಲೆಳೆಗೆ ಕಲ್ಲು ಬೀರಿದರೂ ಗುರಿ ತಪ್ಪುತ್ತಿರಲಿಲ್ಲವಂತೆ. ಅಲ್ಲಿ ‘ತಪ್ಪು’ ಎಂಬುದಕ್ಕೆ ಇರುವ ಧಾತುವೇ ಬೇರೆಡೆ ‘ಪಾಪಮಾಡು’ ಎಂಬುದಕ್ಕೂ ಇದೆ.

ಆದರೆ ಧಾತುವನ್ನು ತಿಳಿದ ಮಾತ್ರಕ್ಕೆ ಅರ್ಥ ಮುಗಿಯುವುದಿಲ್ಲ; ಇದು ಪಂಡಿತರು ಆಗಾಗ ಮರೆಯುವ ಸಂಗತಿ. ಪೌಲನು ಪಾಪವನ್ನು ಹೆಚ್ಚಾಗಿ ಏಕವಚನದಲ್ಲಿ ಹೇಳುತ್ತಾನೆ, ಒಬ್ಬ ದೊರೆಯಂತೆ ಚಿತ್ರಿಸುತ್ತಾನೆ. ಅದು ಆಳುತ್ತದೆ, ದಾಸರನ್ನಿಟ್ಟುಕೊಳ್ಳುತ್ತದೆ, ಸಂಬಳವನ್ನೂ ಕೊಡುತ್ತದೆ. ಆ ಸಂಬಳ ಮರಣ. ಸಂಬಳಕ್ಕೆ ಆತನು ಬಳಸಿದ ಮಾತು ಸಿಪಾಯಿಗಳ ವೇತನಕ್ಕಿದ್ದ ಮಾತು. ಒಳ್ಳೆಯದನ್ನು ಮಾಡಬೇಕೆಂದಿದ್ದರೂ ಕೈಯಿಂದ ಕೆಟ್ಟದ್ದೇ ಆಗುತ್ತದಲ್ಲ ಎಂದು ಏಳನೆಯ ಅಧ್ಯಾಯದಲ್ಲಿ ಮರುಗುತ್ತಾನೆ. ಇಷ್ಟವಿಲ್ಲದಿದ್ದರೂ ಮನುಷ್ಯನನ್ನು ಪಾಪಕ್ಕೆ ನೂಕುವುದು ಯಾವುದೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳಿದ್ದು ನಿಮಗೆ ನೆನಪಾದೀತು. ಉತ್ತರಗಳು ಬೇರೆ, ಸಂಕಟ ಒಂದೇ. ನಮ್ಮ ಕಿವಿಗೆ ಪಾಪವೆಂದೊಡನೆ ಅದರ ಜೋಡಿ ಪುಣ್ಯ ನೆನಪಾಗುತ್ತದೆ. ಪೌಲನಲ್ಲಿ ಪಾಪದ ಎದುರಿಗಿರುವುದು ಪುಣ್ಯದ ಗಳಿಕೆಯಲ್ಲ, ನೀತಿ.

ಈ ‘ನೀತಿ’ಯಲ್ಲೇ ನಾವು ಹೆಚ್ಚು ಎಡವುವುದು. 19ನೆಯ ಶತಮಾನದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳು ಬೈಬಲನ್ನು ಕನ್ನಡಕ್ಕೆ ತರಲು ದುಡಿದರು. ಇಂತಹ ಮಾತುಗಳಿಗೆ ನಮ್ಮಲ್ಲಿ ಸಿದ್ಧವಾದ ಪ್ರತಿಪದಗಳಿರಲಿಲ್ಲ. ಕನ್ನಡ ಬೈಬಲಿನಲ್ಲಿ ನೆಲೆಗೊಂಡದ್ದು ‘ನೀತಿ’. ‘ನೀ’ ಎಂಬ ಸಂಸ್ಕೃತ ಧಾತುವಿಗೆ ನಡೆಸು ಎಂದರ್ಥ. ಆದ್ದರಿಂದ ನೀತಿಯೆಂದರೆ ನಡೆ. ಗ್ರೀಕಿನ ‘ದಿಕಾಯೊಸುನೆ’ಗೆ ನ್ಯಾಯಸ್ಥಾನದ ವಾಸನೆಯಿದೆ: ನ್ಯಾಯಾಧಿಪತಿ ಒಬ್ಬನನ್ನು ‘ಇವನು ನ್ಯಾಯವಂತ’ ಎಂದು ತೀರ್ಪಿತ್ತಾಗ ಅವನಿಗೆ ದೊರೆಯುವ ನಿಲುವು. ಹಳೆಯ ಒಡಂಬಡಿಕೆಯಲ್ಲಾದರೋ ದೇವರ ನೀತಿ ಎಂಬುದು ಶಿಕ್ಷೆಗೆ ಮಾತ್ರ ಸೇರಿದ್ದಲ್ಲ. ಯೆಶಾಯನ ಗ್ರಂಥದಲ್ಲಿ ಅದು ರಕ್ಷಣೆಯೊಡನೆ ಜೋಡಿಯಾಗಿ ಬರುತ್ತದೆ. ಕೊಟ್ಟ ಮಾತನ್ನು ನಡೆಸಿ ಬಿದ್ದವರನ್ನು ಎತ್ತುವುದೇ ಆ ನೀತಿ. ಜರ್ಮನಿಯ ಮಾರ್ಟಿನ್ ಲೂಥರನು ‘ದೇವರ ನೀತಿ’ ಎಂದರೆ ದಂಡಿಸುವ ನೀತಿಯೆಂದು ತಿಳಿದು ಬಹುಕಾಲ ನಡುಗಿದನು. ಅದು ದೇವರು ದಾನವಾಗಿ ಕೊಡುವ ನೀತಿಯೆಂದು ಹೊಳೆದಾಗ ಸ್ವರ್ಗದ ಬಾಗಿಲೇ ತೆರೆದಂತಾಯಿತೆಂದು 1545ರ ಒಂದು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಒಂದು ಪದದ ಅರ್ಥ ಒಬ್ಬ ಮನುಷ್ಯನ ನಿದ್ರೆಯನ್ನು ಕೆಡಿಸಬಲ್ಲುದು, ಮರಳಿ ಕೊಡಲೂಬಲ್ಲುದು.

ಇನ್ನು ನಂಬಿಕೆ. ಹೀಬ್ರೂವಿನಲ್ಲಿ ‘ಎಮೂನಾ’, ಪ್ರಾರ್ಥನೆಯ ಕೊನೆಯಲ್ಲಿ ಹೇಳುವ ‘ಆಮೆನ್’ ಇದೇ ಬಳಗದ್ದು. ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಮೋಶೆ ಬೆಟ್ಟದ ಮೇಲೆ ಕೈಯೆತ್ತಿ ಕುಳಿತಿದ್ದನು. ಕೈ ಸೋತಾಗ ಆರೋನನೂ ಹೂರನೂ ಆಚೀಚೆ ನಿಂತು ಎತ್ತಿ ಹಿಡಿದರು. ಸೂರ್ಯ ಮುಳುಗುವವರೆಗೆ ಆ ಕೈಗಳು ಕದಲಲಿಲ್ಲ. ‘ಕದಲಲಿಲ್ಲ’ ಎಂಬುದಕ್ಕೆ ವಿಮೋಚನಕಾಂಡದಲ್ಲಿರುವ ಮಾತು ಎಮೂನಾ. ನೀತಿವಂತನ ಬದುಕು ನಂಬಿಕೆಯಿಂದ ಎಂಬ ಅರ್ಥದ ಪ್ರವಾದಿ ಹಬಕ್ಕೂಕನ ನುಡಿಯಲ್ಲಿ ಇರುವುದೂ ಇದೇ ಮಾತು. ಪೌಲನು ತನ್ನ ಪತ್ರದ ಆರಂಭದಲ್ಲಿ ಅದನ್ನೇ ಎತ್ತಿಕೊಂಡನು. ಅವನ ಗ್ರೀಕ್ ಮಾತಾದ ‘ಪಿಸ್ತಿಸ್’ಗೆ ನಂಬುವುದು, ನಂಬಿಗಸ್ತನಾಗಿರುವುದು ಎಂಬ ಎರಡು ಅರ್ಥಗಳೂ ಉಂಟು. ನಮ್ಮ ಕನ್ನಡವೂ ಹಾಗೆಯೇ: ‘ನಂಬಿದವನು’, ‘ನಂಬಿಗಸ್ತ’ ಎರಡೂ ಒಂದೇ ಬೇರಿನ ಚಿಗುರುಗಳು. ಇಂತಹ ನಂಬಿಕೆಯು ತಲೆಯಾಡಿಸಿ ಒಪ್ಪಿಕೊಳ್ಳುವಷ್ಟರಿಂದ ಮುಗಿಯುವುದಿಲ್ಲ.

ಹಾಗಾದರೆ ನಡತೆ? ಹೊಸ ಒಡಂಬಡಿಕೆಯೊಳಗೇ ಈ ಚರ್ಚೆಯಿದೆ. ಪೌಲನು ಅಬ್ರಹಾಮನ ದೃಷ್ಟಾಂತ ಕೊಡುತ್ತಾನೆ. ಮಕ್ಕಳಿಲ್ಲದ ಆ ಮುದುಕನಿಗೆ ನಕ್ಷತ್ರಗಳಷ್ಟು ಸಂತಾನವಾಗುವುದೆಂದು ದೇವರು ಹೇಳಿದನು, ಅವನು ನಂಬಿದನು, ಆ ನಂಬಿಕೆ ನೀತಿಯೆಂದು ಲೆಕ್ಕಕ್ಕೆ ಬಂತು. ಲೆಕ್ಕಕ್ಕೆ ಹಿಡಿಯುವುದೆಂಬ ಈ ಮಾತು ಪತ್ರದ ನಾಲ್ಕನೆಯ ಅಧ್ಯಾಯವೊಂದರಲ್ಲೇ 11 ಸಲ ಬಂದಿದೆ. ಯಾಕೋಬನ ಪತ್ರವೂ ಅದೇ ಅಬ್ರಹಾಮನನ್ನು ಕರೆತರುತ್ತದೆ, ಆದಿಕಾಂಡದ ಅದೇ ವಾಕ್ಯವನ್ನು ಮುಂದಿಡುತ್ತದೆ, ಆದರೆ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಸಾಧಿಸುತ್ತದೆ. 1522ರಲ್ಲಿ ಲೂಥರನು ಬೇಸತ್ತು ಅದನ್ನು ಹುಲ್ಲಿನ ಪತ್ರವೆಂದು ಕರೆದನು.

ಇಬ್ಬರೂ ಯಾರಿಗೆ ಹೇಳುತ್ತಿದ್ದಾರೆಂದು ನೋಡಿರಿ. ತನ್ನ ಆಚಾರವನ್ನು ತೋರಿಸಿ ದೇವರಿಂದ ಕೂಲಿ ಕೇಳುವವನಿಗೆ ಪೌಲನ ಉತ್ತರ. ಹಸಿದವನಿಗೆ ಅನ್ನ ಕೊಡದೆ ಹರಸಿ ಕಳುಹಿಸುವವನಿಗೆ ಯಾಕೋಬನ ಉತ್ತರ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಮುಂದುವರಿಯೋಣವೇ ಎಂಬ ಪ್ರಶ್ನೆಯನ್ನು ಪೌಲನೇ ಆರನೆಯ ಅಧ್ಯಾಯದಲ್ಲಿ ಎತ್ತಿ, ಖಂಡಿತ ಕೂಡದೆಂದು ತಳ್ಳಿಹಾಕುತ್ತಾನೆ. ನನ್ನ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಯೂ ಅದೇ. ಉತ್ತರ ಪತ್ರದೊಳಗೇ ಇತ್ತು. ನಂಬಿಕೆ ಬೇರು, ನಡತೆ ಹಣ್ಣು. ಹಣ್ಣನ್ನು ಕೊಟ್ಟು ಬೇರನ್ನು ಕೊಳ್ಳಲಾಗದು, ಹಣ್ಣೇ ಬಿಡದ ಗಿಡದ ಬೇರು ಬದುಕಿದೆಯೆನ್ನಲೂ ಆಗದು.

ಈ ಜಗಳ ಯೂರೋಪಿನ ಚರ್ಚುಗಳನ್ನು ಶತಮಾನಗಳ ಕಾಲ ಒಡೆದಿತ್ತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟವೂ ರೋಮನ್ ಕ್ಯಾಥೊಲಿಕ್ ಚರ್ಚೂ ಈ ವಿಷಯದ ಮೂಲತತ್ತ್ವಗಳಲ್ಲಿ ತಮಗೆ ಒಮ್ಮತವಿದೆಯೆಂಬ ಘೋಷಣೆಗೆ ಸಹಿ ಹಾಕಿದವು. ಮಾತಿನ ಅರ್ಥಕ್ಕಾಗಿ ಮುರಿದ ಮನೆ, ಮಾತನ್ನು ತಾಳ್ಮೆಯಿಂದ ಮತ್ತೆ ಓದಿದ್ದರಿಂದ ಸ್ವಲ್ಪಮಟ್ಟಿಗಾದರೂ ಕೂಡಿತು.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕನ್ನಡ ಬೈಬಲಿದ್ದರೆ, ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನೂ ಯಾಕೋಬನ ಎರಡನೆಯ ಅಧ್ಯಾಯವನ್ನೂ ಒಂದರ ಬಳಿಕ ಒಂದರಂತೆ ಗಟ್ಟಿಯಾಗಿ ಓದಿ ನೋಡಿರಿ. ಅರ್ಧ ಗಂಟೆಯ ಕೆಲಸ. ಒಪ್ಪುವುದು ಬಿಡುವುದು ನಿಮ್ಮ ಮನಸ್ಸಿಗೆ ಸೇರಿದ್ದು. ಆದರೆ ಇನ್ನೊಂದು ಬೆಂಚಿನ ಹುಡುಗ ನಿಮ್ಮ ಮಾತಿನಿಂದ ತಲೆ ತಗ್ಗಿಸುವ ಪ್ರಸಂಗ ಬಾರದು.